ಬಲ್ಬ್ ಸರಿ, ಫ್ಯೂಸ್ ಸರಿ, ದೀಪ ಮಾತ್ರ ಇಲ್ಲ: ಕಾರಿನ ಹಿಂದಿನ ದೀಪಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಕಾರಿನ ಹಿಂದಿನ ದೀಪದ ಪ್ರಶ್ನೆಗಳೇ ಹೆಚ್ಚು. ಮಳೆ ಶುರುವಾದ ಮೇಲೆ ಇದು ಸಹಜ. ಓಡಿಸುವವರ ಕಣ್ಣಿಗೆ ಬೀಳದ ದೀಪಗಳಿವು. ಕೆಟ್ಟಿರುವುದು ಹಿಂದೆ ಬರುವವರಿಗೆ ಗೊತ್ತಾಗುತ್ತದೆ, ನಮಗಲ್ಲ. ಕಾರಿನ ಹೆಸರುಗಳನ್ನು ಬಿಟ್ಟಿದ್ದೇವೆ, ಏಕೆಂದರೆ ಇಲ್ಲಿನ ತೊಂದರೆಗಳು ಯಾವ ಕಂಪನಿಯ ಕಾರಿನಲ್ಲೂ ಬರುವಂಥವು.

ಪ್ರಶ್ನೆ: ಮನೆಯಲ್ಲಿ ನಾನೊಬ್ಬನೇ. ಬ್ರೇಕ್ ಒತ್ತಿ ಹಿಂದೆ ಹೋಗಿ ನೋಡಲು ಆಗುವುದಿಲ್ಲ. ಬೇರೆಯವರ ಸಹಾಯವಿಲ್ಲದೆ ಎಲ್ಲ ದೀಪ ಪರೀಕ್ಷಿಸುವುದು ಹೇಗೆ? (ದಾವಣಗೆರೆ)

ಕತ್ತಲಾದ ಮೇಲೆ ಕಾರಿನ ಹಿಂಭಾಗವನ್ನು ಬಿಳಿ ಗೋಡೆಗೆ ಎರಡು ಮೂರು ಅಡಿ ಹತ್ತಿರ ನಿಲ್ಲಿಸಿ. ಬ್ರೇಕ್ ಒತ್ತಿದಾಗ ಗೋಡೆಯ ಮೇಲೆ ಎಡಕ್ಕೊಂದು, ಬಲಕ್ಕೊಂದು ಕೆಂಪು ಬೆಳಕು ಬೀಳುವುದು ಕನ್ನಡಿಯಲ್ಲೇ ಕಾಣುತ್ತದೆ. ಇದಕ್ಕಿಂತ ಖಚಿತವಾದ ದಾರಿಯೆಂದರೆ ಮೊಬೈಲ್. ಹಿಂದೆ ಒಂದು ಸ್ಟೂಲ್ ಮೇಲೆ ಅದನ್ನು ಒರಗಿಸಿ ವಿಡಿಯೊ ಹಾಕಿ, ಒಳಗೆ ಕುಳಿತು ಕ್ರಮವಾಗಿ ಪಾರ್ಕ್ ಲೈಟ್, ಬ್ರೇಕ್, ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಫಾಗ್ ಲೈಟ್, ರಿವರ್ಸ್ ಹಾಕುತ್ತ ಹೋಗಿ. ಪ್ರತಿಯೊಂದನ್ನೂ ಬಾಯಲ್ಲಿ ಗಟ್ಟಿಯಾಗಿ ಹೇಳಿದರೆ ಆಮೇಲೆ ನೋಡುವಾಗ ಗೊಂದಲವಿರುವುದಿಲ್ಲ. ಬ್ರೇಕ್ ಲೈಟನ್ನು ಹತ್ತಿರದಿಂದ ನೋಡಬೇಕಿದ್ದರೆ ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಕೊಟ್ಟು ಸೀಟನ್ನು ಸ್ವಲ್ಪ ಮುಂದಕ್ಕೆ ಜರುಗಿಸಿ.

ಹತ್ತುತ್ತದೆಯೋ ಇಲ್ಲವೋ ಎಂದಷ್ಟೇ ನೋಡಬೇಡಿ, ಎಡ ಬಲ ಎರಡೂ ಒಂದೇ ಪ್ರಕಾಶದಲ್ಲಿವೆಯೇ ಎಂದು ನೋಡಿ. ಒಂದು ಕಡೆ ಮಂಕಾಗಿದ್ದರೆ ಅಲ್ಲಿ ತೊಂದರೆ ಆಗಲೇ ಶುರುವಾಗಿದೆ. ನಂಬರ್ ಪ್ಲೇಟ್ ದೀಪವನ್ನು ಹೆಚ್ಚಿನವರು ಮರೆಯುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಬಿಳಿ ಬೆಳಕಿನದಾಗಿರಬೇಕು, ನಂಬರ್ 15 ಮೀಟರ್ ದೂರದಿಂದ ಓದಲು ಬರಬೇಕು. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿದರೆ ಸಾಕು. ದೂರದ ಪ್ರಯಾಣವಿದ್ದರೆ ಹಿಂದಿನ ರಾತ್ರಿಯೂ ಒಮ್ಮೆ.

ಪ್ರಶ್ನೆ: ಎಡ ಇಂಡಿಕೇಟರ್ ಹಾಕಿದರೆ ಅದೇ ಬದಿಯ ಕೆಂಪು ದೀಪವೂ ಮಂದವಾಗಿ ಮಿನುಗುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗುತ್ತದೆ. ಎರಡು ಸಲ ಬಲ್ಬ್ ಬದಲಿಸಿದೆ. ಈಗ ಇಡೀ ಟೇಲ್ ಲೈಟ್ ಸೆಟ್ ಬದಲಿಸಿ ಎನ್ನುತ್ತಿದ್ದಾರೆ. ಮಾಡಿಸಲೇ? (ತುಮಕೂರು)

ಸದ್ಯಕ್ಕೆ ಬೇಡ. ನೀವು ಬರೆದ ಲಕ್ಷಣ ಅರ್ತ್ (ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸರಿಯಿಲ್ಲ ಎಂಬುದಕ್ಕೆ ಪಾಠದಂಥ ಉದಾಹರಣೆ.

ಟೇಲ್ ಲೈಟಿನೊಳಗಿನ ಬಲ್ಬ್‌ಗಳಿಗೆ ಕರೆಂಟ್ ಬರುವ ವೈರ್ ಬೇರೆ ಬೇರೆ, ವಾಪಸ್ ಹೋಗುವ ದಾರಿ ಒಂದೇ. ಹೋಲ್ಡರಿನ ತಗಡಿನ ಪಟ್ಟಿಯಿಂದ ಒಂದು ವೈರ್, ಬಹಳಷ್ಟು ಕಾರುಗಳಲ್ಲಿ ಕಪ್ಪು ಬಣ್ಣದ್ದು, ಹೊರಟು ಡಿಕ್ಕಿಯೊಳಗೆ ಬಾಡಿಗೆ ಬೋಲ್ಟ್ ಆಗಿರುತ್ತದೆ. ಆ ಬೋಲ್ಟಿನಡಿ ತುಕ್ಕು ಹಿಡಿದರೆ, ಇಲ್ಲವೇ ಕಪ್ಲರ್ (ವೈರ್‌ಗಳನ್ನು ದೀಪಕ್ಕೆ ಜೋಡಿಸುವ ಪ್ಲಗ್) ಪಿನ್ ಕಿಲುಬು ಹಿಡಿದರೆ ಕರೆಂಟಿಗೆ ವಾಪಸ್ ದಾರಿ ಮುಚ್ಚುತ್ತದೆ. ಆಗ ಅದು ಬಳಸುದಾರಿ ಹಿಡಿಯುತ್ತದೆ. ಇಂಡಿಕೇಟರ್ ಬಲ್ಬ್ ದಾಟಿ ಪಟ್ಟಿಗೆ ಬಂದ ಕರೆಂಟ್ ಪಕ್ಕದ ಕೆಂಪು ಬಲ್ಬಿನ ಫಿಲಮೆಂಟಿನಲ್ಲಿ (ಬಲ್ಬಿನೊಳಗೆ ಉರಿಯುವ ತಂತಿ) ಹಿಮ್ಮುಖವಾಗಿ ಹರಿದು, ಅದರ ವೈರ್ ಹಿಡಿದು ಇನ್ನೊಂದು ಬದಿಯ ದೀಪ ತಲುಪಿ ಅಲ್ಲಿನ ಅರ್ತ್ ಸೇರುತ್ತದೆ. ಸಾಲಾಗಿ ಹಲವು ಫಿಲಮೆಂಟ್ ದಾಟಿದ್ದರಿಂದ ಎಲ್ಲವೂ ಮಂಕು. ಹೀಗಿರುವಾಗ ಎಷ್ಟು ಬಲ್ಬ್ ಬದಲಿಸಿದರೂ ಫಲವಿಲ್ಲ.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ದೀಪ ಹತ್ತಿರುವಾಗಲೇ ಒಂದು ಕಡ್ಡಿ ಹೋಲ್ಡರಿನ ಅರ್ತ್ ಪಟ್ಟಿಗೆ, ಇನ್ನೊಂದು ಕಡ್ಡಿ ಬಣ್ಣವಿಲ್ಲದ ಬಾಡಿ ಲೋಹಕ್ಕೆ (ಡಿಕ್ಕಿ ಬಾಗಿಲಿನ ಲಾಕ್ ಕೊಂಡಿ ಸಿಗುತ್ತದೆ) ಮುಟ್ಟಿಸಿ. 0.1, 0.2 ವೋಲ್ಟ್ ಬಂದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕೆಟ್ಟಿದೆ. ಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ: ಒಂದು ವೈರ್ ತುಂಡಿನಿಂದ ಅದೇ ಪಟ್ಟಿಗೂ ಬಾಡಿಗೂ ನೇರ ಸಂಪರ್ಕ ಕೊಡಿ, ದೀಪ ಆ ಕ್ಷಣವೇ ಸರಿಯಾಗಿ ಉರಿದರೆ ಸಂಶಯ ಉಳಿಯುವುದಿಲ್ಲ.

ದುರಸ್ತಿಗೆ ಮೊದಲು ದೀಪಗಳನ್ನು ಆರಿಸಿ. ಅರ್ತ್ ಬೋಲ್ಟ್ ಹೆಚ್ಚಾಗಿ 10 ನಂಬರ್ ಸ್ಪ್ಯಾನರಿನದು. ಬಿಚ್ಚಿ, ವೈರಿನ ತುದಿಯ ಲಗ್ ಮತ್ತು ಅದು ಕೂರುವ ಜಾಗ ಎರಡನ್ನೂ ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಜೆಲ್ಲಿ ಬಿಗಿ ಮಾಡಿದ ಮೇಲೆ. ಹೋಲ್ಡರಿನೊಳಗೆ ಹಸಿರು ಕಿಲುಬಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಳೆಯ ಟೂತ್‌ಬ್ರಶ್‌ನಿಂದ ತಿಕ್ಕಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದಂತಿದ್ದರೆ ಮಾತ್ರ ಹೋಲ್ಡರ್ ಬದಲಿಸಬೇಕು. ಲೂಸ್ ಸಂಪರ್ಕದ ಬಿಸಿಗೆ ಸುಟ್ಟ ಹೋಲ್ಡರಿನಲ್ಲಿ ಸ್ಪ್ರಿಂಗಿನ ಬಿಗಿ ಹೋಗಿರುತ್ತದೆ, ಎಷ್ಟು ಉಜ್ಜಿದರೂ ಅದು ಮರಳುವುದಿಲ್ಲ. ಬಹಳ ಕಾರುಗಳಲ್ಲಿ ಹೋಲ್ಡರ್ ಬಿಡಿಯಾಗಿಯೇ ಸಿಗುತ್ತದೆ. ಅದಕ್ಕಾಗಿ ಇಡೀ ಸೆಟ್ ಕೊಳ್ಳುವುದು ದುಡ್ಡು ಚೆಲ್ಲಿದಂತೆ.

ಪ್ರಶ್ನೆ: ಕೀ ತೆಗೆದ ಮೇಲೆ ಬ್ರೇಕ್ ಒತ್ತಿದರೆ ಪಾರ್ಕ್ ಲೈಟ್‌ಗಳೆಲ್ಲ ಹತ್ತುತ್ತವೆ, ಮೀಟರ್ ಬೋರ್ಡಿನ ಬೆಳಕೂ ಹತ್ತುತ್ತದೆ. ವೈರಿಂಗ್ ಶಾರ್ಟ್ ಆಗಿದೆಯೇ? (ಹಾಸನ)

ವೈರಿಂಗಿಗೆ ಕೈ ಹಾಕುವ ಮೊದಲು ಎರಡು ಬಲ್ಬ್ ತೆಗೆದು ನೋಡಿ. ಎಲ್‌ಇಡಿ ಅಲ್ಲದ ಬಹಳಷ್ಟು ಕಾರುಗಳಲ್ಲಿ ಪಾರ್ಕ್ ಮತ್ತು ಬ್ರೇಕ್ ಎರಡಕ್ಕೂ ಒಂದೇ ಬಲ್ಬ್: 12 ವೋಲ್ಟಿನ 21/5 ವಾಟ್, ಡಬಲ್ ಫಿಲಮೆಂಟ್. ಅಂಗಡಿಯಲ್ಲಿ ಡಬಲ್ ಪಾಯಿಂಟ್ ಬಲ್ಬ್ ಎಂದರೆ ಕೊಡುತ್ತಾರೆ, ಡಬ್ಬಿಯ ಮೇಲೆ ಪಿ21/5ಡಬ್ಲ್ಯು ಎಂದಿರುತ್ತದೆ. ಒಂದು ಫಿಲಮೆಂಟ್ ತುಂಡಾಗಿ ಇನ್ನೊಂದರ ಮೇಲೆ ಬಿದ್ದು ಅಂಟಿಕೊಂಡರೆ ಬ್ರೇಕಿನ ಕರೆಂಟ್ ಪಾರ್ಕ್ ಲೈಟಿನ ವೈರಿಗೆ ನುಗ್ಗುತ್ತದೆ. ಮೀಟರ್ ಬೋರ್ಡಿನ ಬೆಳಕು ಪಾರ್ಕ್ ಲೈಟಿನ ಜೊತೆಗೇ ಹತ್ತುವಂಥದ್ದು, ಹಾಗಾಗಿ ಅದೂ ಬೆಳಗುತ್ತದೆ. ಎರಡನೇ ಕಾರಣ, ಯಾರೋ ಆ ಹೋಲ್ಡರಿಗೆ ಸಿಂಗಲ್ ಪಾಯಿಂಟ್ ಬಲ್ಬ್ ತುರುಕಿರುವುದು. ಅದರ ತಳದ ಒಂದೇ ದೊಡ್ಡ ಬಿಂದು ಹೋಲ್ಡರಿನ ಎರಡೂ ಕಾಂಟ್ಯಾಕ್ಟ್‌ಗಳನ್ನು ಕೂಡಿಸಿಬಿಡುತ್ತದೆ.

ಒಂದು ಬದಿಯ ಬಲ್ಬ್ ತೆಗೆದು ಬ್ರೇಕ್ ಒತ್ತಿ. ತೊಂದರೆ ನಿಂತರೆ ಕಳ್ಳ ಸಿಕ್ಕಿದ. ಹೊಸದನ್ನು ಹಾಕುವಾಗ ಬದಿಯ ಎರಡು ಪಿನ್ ಗಮನಿಸಿ, ಒಂದು ಮೇಲೆ, ಒಂದು ಕೆಳಗೆ ಇರುತ್ತದೆ. ಒತ್ತಿ ತಿರುಗಿಸಿದರೆ ಒಂದೇ ದಿಕ್ಕಿನಲ್ಲಿ ಕೂರಬೇಕು. ಬಲವಂತದಿಂದ ತಿರುವುಮುರುವಾಗಿ ಕೂರಿಸಿದರೆ ಪಾರ್ಕ್ ಲೈಟ್ ಪ್ರಖರವಾಗಿ, ಬ್ರೇಕ್ ಲೈಟ್ ಮಂದವಾಗಿ ಉರಿಯುತ್ತದೆ, ಬ್ರೇಕ್ ಒತ್ತಿದ್ದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ಒಂದು ಬದಿಯದು ಸುಟ್ಟರೆ ಎರಡೂ ಬದಿ ಬದಲಿಸಿ. ಎರಡೂ ಅಷ್ಟೇ ಗಂಟೆ ಉರಿದಿರುತ್ತವೆ. ಗಾಜು ಕಪ್ಪಾಗಿದ್ದರಂತೂ ಫಿಲಮೆಂಟ್ ಸವೆದು ಗಾಜಿಗೆ ಮೆತ್ತಿಕೊಂಡಿದೆ ಎಂದೇ ಅರ್ಥ.

ಪ್ರಶ್ನೆ: ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ. ಬ್ರೇಕ್ ಲೈಟ್ ಇಡೀ ರಾತ್ರಿ ಉರಿದಿತ್ತು ಎಂದು ಪಕ್ಕದ ಮನೆಯವರು ಹೇಳಿದರು. ಪೆಡಲ್ ಕೆಳಗಿನ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರು ಬಿದ್ದಿದೆ. (ಮೈಸೂರು)

ಆ ಚೂರಿನಲ್ಲೇ ಉತ್ತರವಿದೆ. ಬ್ರೇಕ್ ಪೆಡಲಿನ ಮೇಲ್ಭಾಗದ ಪಟ್ಟಿಯಲ್ಲಿ ಒಂದು ತೂತು, ಅದಕ್ಕೆ ಬಟನ್ ಆಕಾರದ ರಬ್ಬರ್ ಇಲ್ಲವೇ ಪ್ಲಾಸ್ಟಿಕ್ ಸ್ಟಾಪರ್ ಹಾಕಿರುತ್ತಾರೆ. ಪೆಡಲ್ ಬಿಟ್ಟಾಗ ಆ ಸ್ಟಾಪರ್ ಬ್ರೇಕ್ ಸ್ವಿಚ್ಚಿನ ಕಡ್ಡಿಯನ್ನು ಒಳಕ್ಕೆ ಒತ್ತಿ ದೀಪ ಆರಿಸುತ್ತದೆ. ವರ್ಷಗಳ ಬಿಸಿಗೆ ಅದು ಒಣಗಿ ಪುಡಿಯಾಗಿ ಉದುರಿದರೆ ಕಡ್ಡಿ ತೂತಿನೊಳಗೆ ತೂರಿಕೊಳ್ಳುತ್ತದೆ. ಸ್ವಿಚ್ಚಿನ ಪಾಲಿಗೆ ಪೆಡಲ್ ಸದಾ ಒತ್ತಿದಂತೆಯೇ.

ಬ್ಯಾಟರಿ ಇಳಿದದ್ದರ ಲೆಕ್ಕವೂ ಸುಲಭ. ತಲಾ 21 ವಾಟಿನ ಎರಡು ಬಲ್ಬ್, ಮೇಲೊಂದು ಮೂರನೇ ಬ್ರೇಕ್ ದೀಪ, ಒಟ್ಟು ಸುಮಾರು 4 ಆಂಪಿಯರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಎಂಟು ಗಂಟೆಯಲ್ಲಿ ಬಹುತೇಕ ಬರಿದು. ಸ್ಟಾಪರ್ ತರುವ ತನಕ ಕಾರು ನಿಲ್ಲಿಸಿದಾಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಆ ತೂತಿಗೆ ಸರಿಹೊಂದುವ ಚಿಕ್ಕ ಬೋಲ್ಟ್ ಹಾಕಿ, ಅದರ ತಲೆ ಕಡ್ಡಿಯ ಕಡೆ ಬರುವಂತೆ ಹಿಂದಿನಿಂದ ನಟ್ ಬಿಗಿದರೂ ಒಂದೆರಡು ದಿನ ನಡೆಯುತ್ತದೆ. ಅಲುಗದಂತೆ ಬಿಗಿದಿರಬೇಕು, ಪೆಡಲಿನ ಕೆಳಗೆ ಉರುಳುವ ಬೋಲ್ಟ್ ದೀಪಕ್ಕಿಂತ ದೊಡ್ಡ ಅಪಾಯ. ಹೊಸ ಸ್ಟಾಪರ್ ಚಿಲ್ಲರೆ ಬೆಲೆಯ ವಸ್ತು. ಕ್ಲಚ್ ಪೆಡಲಿಗೂ ಇಂಥದ್ದೇ ಇದ್ದರೆ ಜೊತೆಗೇ ಬದಲಿಸಿ.

ಸ್ಟಾಪರ್ ಗಟ್ಟಿಯಾಗಿದ್ದೂ ದೀಪ ಆರದಿದ್ದರೆ ಸ್ವಿಚ್ಚಿನ ಹೊಂದಾಣಿಕೆ ತಪ್ಪಿದೆ. ತಿರುಗಿಸಿ ಕೂರಿಸುವ, ಮೈಮೇಲೆ ತಿರುಪಿನ ಸುತ್ತುಗಳಿರುವ ಸ್ವಿಚ್ ಆದರೆ ಲಾಕ್ ನಟ್ ಸಡಿಲಿಸಿ, ಸ್ವಿಚ್ಚಿನ ಮೈಗೂ ಸ್ಟಾಪರಿಗೂ ನಡುವೆ ಅರ್ಧದಿಂದ ಒಂದು ಮಿಲಿಮೀಟರ್ ಸಂದು ಉಳಿಯುವಂತೆ ನಿಲ್ಲಿಸಿ. ಹೆಚ್ಚು ಒಳಕ್ಕೆ ತಿರುಗಿಸಿದರೆ ಅದು ಪೆಡಲನ್ನೇ ಒತ್ತಿಕೊಂಡಿದ್ದು ಬ್ರೇಕ್ ಉಜ್ಜುತ್ತಲೇ ಇರುತ್ತದೆ.

ಇದಕ್ಕೆ ವಿರುದ್ಧವಾಗಿ ಬ್ರೇಕ್ ಲೈಟ್ ಹತ್ತುವುದೇ ಇಲ್ಲ ಎಂದು ಶಿವಮೊಗ್ಗದಿಂದ ಕೇಳಿದವರಿಗೂ ಇಲ್ಲೇ ಉತ್ತರಿಸುತ್ತೇವೆ. ಮೇಲಿನ ಮೂರನೇ ದೀಪ ನೋಡಿ. ಅದು ಹತ್ತಿ, ಕೆಳಗಿನವೆರಡು ಹತ್ತದಿದ್ದರೆ ಸಾಮಾನ್ಯವಾಗಿ ಫ್ಯೂಸೂ ಸ್ವಿಚ್ಚೂ ಸರಿಯಿವೆ, ಬಲ್ಬ್ ಮತ್ತು ಅರ್ತ್ ಕಡೆ ಹೋಗಿ. ಮೂರೂ ಹತ್ತದಿದ್ದರೆ ಮೊದಲು ಫ್ಯೂಸ್, ಆಮೇಲೆ ಸ್ವಿಚ್. ಫ್ಯೂಸ್ ಬದಲಿಸುವಾಗ ಅದೇ ಆಂಪಿಯರಿನದನ್ನೇ ಹಾಕಿ: ಕೆಂಪು 10, ನೀಲಿ 15, ಹಳದಿ 20. ಮತ್ತೆ ಸುಟ್ಟಿತೆಂದು ದೊಡ್ಡದನ್ನು ಹಾಕಿದರೆ ಮುಂದಿನ ಸಲ ಸುಡುವುದು ವೈರ್. ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಲಿವರ್ ಪಾರ್ಕಿನಿಂದ ಜರುಗದಿದ್ದರೆ, ಬಟನ್ ಸ್ಟಾರ್ಟ್ ಕಾರು ಸ್ಟಾರ್ಟೇ ಆಗದಿದ್ದರೆ, ಆಗಲೂ ಇದೇ ಸ್ವಿಚ್ಚನ್ನು ಮೊದಲು ಅನುಮಾನಿಸಿ.

ಪ್ರಶ್ನೆ: ನನ್ನ ಹೊಸ ಕಾರಿನಲ್ಲಿ ರಿವರ್ಸ್ ಹಾಕಿದರೆ ಒಂದೇ ಬದಿ ಬಿಳಿ ದೀಪ ಬರುತ್ತದೆ. (ಬೆಳಗಾವಿ)

ಇನ್ನೊಂದು ಬದಿಯ ಅದೇ ಜಾಗದಲ್ಲಿ ಕೆಂಪು ಗಾಜಿದೆಯೇ ನೋಡಿ. ಇದ್ದರೆ ಅದು ಹಿಂದಿನ ಫಾಗ್ ಲೈಟ್. ಹಲವು ಕಾರುಗಳಲ್ಲಿ ತಯಾರಿಕೆಯೇ ಹಾಗೆ, ದೋಷವಲ್ಲ. ಎರಡೂ ಬದಿ ಬಿಳಿ ಇದ್ದು ಎರಡೂ ಒಟ್ಟಿಗೆ ನಿಂತರೆ ಮಾತ್ರ ಫ್ಯೂಸ್, ಆಮೇಲೆ ಗೇರ್‌ಬಾಕ್ಸಿನ ಮೇಲಿರುವ ರಿವರ್ಸ್ ಸ್ವಿಚ್ ನೋಡಿಸಿ.

ಪ್ರಶ್ನೆ: ಹಿಂದಿನ ಎಲ್ಲ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದೆ. ಈಗ ಇಂಡಿಕೇಟರ್ ಬಹಳ ವೇಗವಾಗಿ ಮಿನುಗುತ್ತದೆ, ಕೆಂಪು ದೀಪ ಗುಲಾಬಿಯಂತೆ ಕಾಣುತ್ತದೆ. (ಬೆಂಗಳೂರು)

ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಒಂದು ಬಲ್ಬ್ ಸುಟ್ಟಿದೆ ಎಂದು ಚಾಲಕರಿಗೆ ತಿಳಿಸಲೆಂದೇ, ಕರೆಂಟ್ ಕಡಿಮೆಯಾದಾಗ ವೇಗ ಹೆಚ್ಚುವಂತೆ ಮಾಡಿರುತ್ತಾರೆ. 21 ವಾಟಿನ ಬಲ್ಬ್ 1.75 ಆಂಪಿಯರ್ ಎಳೆಯುತ್ತದೆ, ಎಲ್‌ಇಡಿ ಅದರ ಸಣ್ಣ ಪಾಲಷ್ಟೇ. ಬಲ್ಬ್ ಹೋಗಿದೆ ಎಂದು ಕಾರು ತಿಳಿಯುತ್ತದೆ. ಅಂಗಡಿಯವರು 6 ಓಮ್, 50 ವಾಟಿನ ರೆಸಿಸ್ಟರ್ ಕೂಡಿಸುತ್ತಾರೆ. ಇಂಡಿಕೇಟರ್ ಹತ್ತಿದಾಗ ಅದು 25ರಿಂದ 30 ವಾಟ್ ಶಾಖ ಬಿಡುತ್ತದೆ. ಬಾಡಿಯ ಲೋಹಕ್ಕೆ ಸ್ಕ್ರೂ ಹಾಕಿ ಕೂರಿಸದೆ ವೈರಿಗೆ ಟೇಪ್ ಸುತ್ತಿ ಬಿಟ್ಟರೆ ಅಪಾಯದೀಪ (ನಾಲ್ಕೂ ಇಂಡಿಕೇಟರ್) ಹಾಕಿ ನಿಂತಾಗ ಸ್ವಲ್ಪ ಹೊತ್ತಿನಲ್ಲೇ ಪ್ಲಾಸ್ಟಿಕ್ ಕರಗಬಹುದು. ಕರೆಂಟ್ ಉಳಿಸಲೆಂದು ಎಲ್‌ಇಡಿ ಹಾಕಿ, ಆ ಕರೆಂಟನ್ನು ಶಾಖವಾಗಿ ಕಳೆಯುವುದು ನಮಗಂತೂ ಸರಿಕಾಣುವುದಿಲ್ಲ.

ಬಣ್ಣದ ಕಾರಣ ಬೇರೆ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ. ಕೆಂಪು ಗಾಜು ಮಿಕ್ಕಿದ್ದನ್ನೆಲ್ಲ ತಡೆದ ಮೇಲೆ ಉಳಿಯುವುದು ಸ್ವಲ್ಪವೇ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿ, ಕಿತ್ತಳೆ ಗಾಜಿನ ಹಿಂದೆ ಕಿತ್ತಳೆ ಎಲ್‌ಇಡಿ ಇರಬೇಕು.

ನಿಜವಾಗಿ ಚಿಂತಿಸಬೇಕಾದ ವಿಷಯವನ್ನು ನೀವು ಕೇಳಿಲ್ಲ. 21/5 ಬಲ್ಬಿನಲ್ಲಿ ಪಾರ್ಕ್ ಲೈಟಿನ ಬೆಳಕು ಸುಮಾರು 35 ಲುಮೆನ್ (ಬೆಳಕಿನ ಅಳತೆ), ಬ್ರೇಕ್ ಲೈಟಿನದು ಸುಮಾರು 440 ಲುಮೆನ್. ಹನ್ನೆರಡು ಪಟ್ಟಿಗೂ ಹೆಚ್ಚು. ಬ್ರೇಕ್ ಒತ್ತಿದ್ದು ಹಿಂದಿನವರಿಗೆ ತಿಳಿಯುವುದು ಈ ಅಂತರದಿಂದಲೇ. ಅಗ್ಗದ ಎಲ್‌ಇಡಿಗಳಲ್ಲಿ ಪಾರ್ಕ್ ಲೈಟೇ ಪ್ರಖರ, ಬ್ರೇಕ್ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ರಾತ್ರಿ 30 ಮೀಟರ್ ಹಿಂದೆ ನಿಂತು, ಬೇರೆಯವರಿಂದ ಬ್ರೇಕ್ ಒತ್ತಿಸಿ ನೋಡಿ. ವ್ಯತ್ಯಾಸ ಕಣ್ಣಿಗೆ ಹೊಡೆಯದಿದ್ದರೆ ಹಳೆಯ ಬಲ್ಬ್‌ಗಳನ್ನೇ ವಾಪಸ್ ಹಾಕಿ. ಕಾರ್ಖಾನೆಯಿಂದಲೇ ಎಲ್‌ಇಡಿ ಬಂದ ಕಾರುಗಳ ಮಾತು ಬೇರೆ, ಅಲ್ಲಿ ಪ್ರತಿಫಲಕವನ್ನೂ ಗಾಜನ್ನೂ ಅದಕ್ಕೆಂದೇ ರೂಪಿಸಿರುತ್ತಾರೆ. ಅಂಥ ದೀಪದಲ್ಲಿ ಒಂದು ಸಾಲು ಆರಿದರೆ ಕಪ್ಲರ್ ಮತ್ತು ನೀರು ನೋಡಿ; ವಾರಂಟಿ ಇದ್ದರೆ ಬಿಚ್ಚಿಸಬೇಡಿ.

ಪ್ರಶ್ನೆ: ಟೇಲ್ ಲೈಟಿನೊಳಗೆ ನೀರಿನ ಹನಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲೂ ನೀರು ನಿಲ್ಲುತ್ತದೆ. (ಶಿರಸಿ)

ಕಾರು ತೊಳೆದಾಗ, ಜಡಿಮಳೆಯಲ್ಲಿ ಗಾಜಿನ ಒಳಗೆ ತೆಳು ಮಂಜು ಕಟ್ಟಿ, ದೀಪ ಉರಿಸಿ ಓಡಿಸಿದ ಮೇಲೆ ಆರಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ದೀಪಕ್ಕೆ ಉಸಿರಾಡಲು ಸಣ್ಣ ರಂಧ್ರಗಳಿರುತ್ತವೆ. ಹನಿ ಇಳಿದು ತಳದಲ್ಲಿ ನೀರು ನಿಂತರೆ ಅದು ಸೋರಿಕೆ. ನಿಮ್ಮಲ್ಲಿ ಎರಡು ಸೋರಿಕೆ ಇರಬಹುದು: ಒಂದು ದೀಪದ ಗಾಜಿನ ಅಂಚಿನದು, ಇನ್ನೊಂದು ದೀಪಕ್ಕೂ ಬಾಡಿಗೂ ನಡುವಿನ ಗ್ಯಾಸ್ಕೆಟಿನದು. ಸ್ಟೆಪ್ನಿ ಗುಂಡಿಗೆ ನೀರು ಬರುವುದು ಎರಡನೆಯದರಿಂದ.

ದೀಪ ಬಿಚ್ಚಿ (ಡಿಕ್ಕಿಯೊಳಗಿಂದ ನಟ್, ಇಲ್ಲವೇ ಬಾಗಿಲು ಎತ್ತಿದಾಗ ಕಾಣುವ ಎರಡು ಸ್ಕ್ರೂ, ಕೆಲವದಕ್ಕೆ ಹೊರ ಬದಿಯಲ್ಲಿ ಪಿನ್ ಲಾಕ್, ನೇರ ಹಿಂದಕ್ಕೆ ಎಳೆಯಬೇಕು) ಹೋಲ್ಡರ್‌ಗಳನ್ನು ತೆಗೆದು ಬಾಯಿ ಕೆಳಗೆ ಮಾಡಿ ನೆರಳಲ್ಲಿ ಒಂದು ದಿನ ಒಣಗಿಸಿ. ಆಮೇಲೆ ಒಳಗೆ ನೀರು ಹಾಕಿ ಎಲ್ಲಿಂದ ಜಿನುಗುತ್ತದೆ ನೋಡಿ, ಅಲ್ಲಿ ಗುರುತು ಮಾಡಿ, ಮತ್ತೆ ಒಣಗಿಸಿ ನ್ಯೂಟ್ರಲ್ ಸಿಲಿಕೋನ್ ಹಚ್ಚಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ಗಾಬರಿಯಲ್ಲಿ ಉಸಿರಾಟದ ರಂಧ್ರಗಳನ್ನು ಮುಚ್ಚಿಬಿಡಬೇಡಿ, ಮುಚ್ಚಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯೇ ಇರುವುದಿಲ್ಲ. ಗ್ಯಾಸ್ಕೆಟ್ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ ಹೊಸದು ಹಾಕಿ, ಸಿಗದಿದ್ದರೆ ಬ್ಯೂಟೈಲ್ ಟೇಪ್ (ನೀರು ತಡೆಯುವ ಅಂಟು ರಬ್ಬರ್ ಪಟ್ಟಿ) ಒಳ್ಳೆಯ ಬದಲಿ. ನಟ್‌ಗಳನ್ನು ಕೈಬಿಗಿಗಿಂತ ಸ್ವಲ್ಪವೇ ಹೆಚ್ಚು ಬಿಗಿಯಿರಿ. ಅತಿಯಾಗಿ ಬಿಗಿದು ದೀಪದ ಬೆನ್ನು ಸೀಳುವುದರಿಂದಲೇ ಎಷ್ಟೋ ಸೋರಿಕೆ ಶುರುವಾಗುತ್ತವೆ.

ಪ್ರಶ್ನೆ: ಹ್ಯಾಚ್‌ಬ್ಯಾಕ್ ಕಾರು. ನಂಬರ್ ಪ್ಲೇಟ್ ದೀಪ ಮತ್ತು ಮೇಲಿನ ಬ್ರೇಕ್ ಲೈಟ್ ಒಮ್ಮೊಮ್ಮೆ ಹತ್ತುತ್ತವೆ, ಒಮ್ಮೊಮ್ಮೆ ಇಲ್ಲ. ಹಿಂಬಾಗಿಲು ಜೋರಾಗಿ ಹಾಕಿದರೆ ಹತ್ತುತ್ತವೆ. (ಹುಬ್ಬಳ್ಳಿ)

ಬಾಗಿಲಿನ ಕೀಲಿನ ಹತ್ತಿರ ಬಾಡಿಯಿಂದ ಬಾಗಿಲಿಗೆ ಹೋಗುವ ಸುಕ್ಕು ಸುಕ್ಕಾದ ರಬ್ಬರ್ ಕೊಳವೆ ಇದೆಯಲ್ಲ, ಅದನ್ನು ಎರಡೂ ತುದಿಯಿಂದ ಬಿಡಿಸಿ ಜರುಗಿಸಿ. ಬಾಗಿಲು ತೆರೆದು ಹಾಕಿದಾಗೆಲ್ಲ ಒಳಗಿನ ವೈರ್‌ಗಳು ಒಂದೇ ಜಾಗದಲ್ಲಿ ಬಾಗಿ ತಾಮ್ರದ ಎಳೆಗಳು ಮುರಿದಿರುತ್ತವೆ. ಹೊರಗಿನ ಸಿಪ್ಪೆ ಸರಿಯಿದ್ದರೂ ಒಳಗೆ ತುಂಡಾಗಿರಬಹುದು. ಒಂದೊಂದನ್ನೂ ಮೆಲ್ಲಗೆ ಎಳೆದರೆ ತುಂಡಾದದ್ದು ರಬ್ಬರಿನಂತೆ ಹಿಗ್ಗುತ್ತದೆ. ಬ್ಯಾಟರಿ ಬಿಚ್ಚಿ, ಅದೇ ದಪ್ಪದ ಬಹುಎಳೆ ವೈರಿನಿಂದ ಹೊಸ ತುಂಡು ಸೇರಿಸಿ. ಜೋಡಣೆಗಳು ಬಾಗುವ ಭಾಗದಿಂದ ಆಚೆ ಬರಲಿ, ಬೆಸುಗೆ ಹಾಕಿದ ಜಾಗ ಬಾಗಿದರೆ ಮತ್ತೆ ಮುರಿಯುತ್ತದೆ. ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಎಲ್ಲ ಜೋಡಣೆಗಳನ್ನು ಒಂದೇ ಕಡೆ ಗಂಟಾಗದಂತೆ ಹಿಂದೆ ಮುಂದೆ ಇಡಿ. ಬರೀ ತಿರುಚಿ ಟೇಪ್ ಸುತ್ತಿದ ಕೆಲಸ ಮುಂದಿನ ಮಳೆಗಾಲ ಕಾಣುವುದಿಲ್ಲ.

ಪ್ರಶ್ನೆ: ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ನಾಲ್ಕೂ ಇಂಡಿಕೇಟರ್ ಹಾಕಿ ಓಡಿಸುತ್ತೇನೆ. ಕೆಲವರು ತಪ್ಪು ಎನ್ನುತ್ತಾರೆ. (ಚಿಕ್ಕಮಗಳೂರು)

ತಪ್ಪೇ. ನಾಲ್ಕೂ ಮಿನುಗುವುದು ನಿಂತ ವಾಹನದ ಸಂಕೇತ. ತಿರುವಿನಲ್ಲಿ ನೀವು ಎಡಕ್ಕೋ ಬಲಕ್ಕೋ ಹೋಗುವುದನ್ನು ಹಿಂದಿನವರಿಗೆ ತಿಳಿಸುವ ದಾರಿಯೂ ಇರುವುದಿಲ್ಲ. ಲೋ ಬೀಮ್ ಹಾಕಿ, ಅದರ ಜೊತೆ ಹಿಂದಿನ ಕೆಂಪು ದೀಪಗಳೂ ಹತ್ತುತ್ತವೆ. ಮುಂದೆ ಹಗಲುದೀಪ (ಹಗಲಲ್ಲೂ ತಾನಾಗಿ ಹತ್ತುವ ಡಿಆರ್‌ಎಲ್) ಉರಿಯುತ್ತಿದೆ ಎಂದು ಸುಮ್ಮನಿರಬೇಡಿ, ಬಹಳ ಕಾರುಗಳಲ್ಲಿ ಅದರ ಜೊತೆ ಹಿಂದಿನ ದೀಪ ಹತ್ತುವುದಿಲ್ಲ. ಮುಂದಿನದು 50 ಮೀಟರ್ ದೂರದಲ್ಲೂ ಕಾಣದಷ್ಟು ಮಂಜಿದ್ದರೆ ಹಿಂದಿನ ಫಾಗ್ ಲೈಟ್ ಹಾಕಿ. ಮಂಜು ತಿಳಿಯಾದ ಕೂಡಲೇ ಆರಿಸಿ, ಏಕೆಂದರೆ ಬ್ರೇಕ್ ಲೈಟಿನಷ್ಟೇ ಪ್ರಖರವಾದ ಆ ದೀಪ ಹತ್ತಿರದವರ ಕಣ್ಣು ಕುಕ್ಕುತ್ತದೆ, ನಿಮ್ಮ ಬ್ರೇಕ್ ಲೈಟನ್ನೂ ಮರೆಮಾಡುತ್ತದೆ.

ಪ್ರಶ್ನೆ: ಟೇಲ್ ಲೈಟ್ ಗಾಜು ಮಸುಕಾಗಿದೆ. ಥಿನ್ನರಿನಿಂದ ಒರೆಸಬಹುದೇ? ಕಪ್ಪು ಫಿಲ್ಮ್ ಅಂಟಿಸಬಹುದೇ? (ಕಲಬುರಗಿ)

ಎರಡೂ ಬೇಡ. ಟೇಲ್ ಲೈಟಿನ ಗಾಜು ಸಾಮಾನ್ಯವಾಗಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಥಿನ್ನರ್, ಪೆಟ್ರೋಲ್, ಸ್ಪಿರಿಟ್ ತಾಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಅದು ವಾಸಿಯಾಗುವುದಿಲ್ಲ. ಕಾರ್ ಶಾಂಪೂ, ನೀರು, ಮೆತ್ತನೆ ಬಟ್ಟೆ ಸಾಕು; ಗೀರುಗಳಿದ್ದರೆ ಪ್ಲಾಸ್ಟಿಕ್ ಪಾಲಿಶ್. ಕಪ್ಪು ಫಿಲ್ಮ್ ಬೆಳಕನ್ನು ನುಂಗುತ್ತದೆ, ಜೊತೆಗೆ ಗಾಜಿನಲ್ಲೇ ಅಡಕವಾದ ಕೆಂಪು ರಿಫ್ಲೆಕ್ಟರನ್ನೂ ಕುರುಡಾಗಿಸುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಬ್ಯಾಟರಿ ಸತ್ತು ಕಾರು ನಿಂತಾಗ ಹಿಂದಿನ ಲಾರಿಯವರಿಗೆ ನಿಮ್ಮ ಕಾರನ್ನು ತೋರಿಸಲು ಉಳಿಯುವುದು ಆ ರಿಫ್ಲೆಕ್ಟರ್ ಒಂದೇ. ಕಿತ್ತಳೆ ಇಂಡಿಕೇಟರ್ ಬಲ್ಬಿನ ಬಣ್ಣವೂ ನಿಮ್ಮ ಕಡೆಯ ಬಿಸಿಲಿಗೆ, ಉರಿಯ ಶಾಖಕ್ಕೆ ಉದುರುತ್ತದೆ. ಬಿಳಿಯಾಗಿ ಮಿನುಗಲು ಶುರುವಾದರೆ ಪಿವೈ21ಡಬ್ಲ್ಯು ಎಂದು ಕೇಳಿ ಹೊಸದು ಹಾಕಿ. ಅದರ ಪಿನ್‌ಗಳು ಎದುರುಬದುರಾಗಿರದೆ ಸ್ವಲ್ಪ ಓರೆಯಾಗಿರುತ್ತವೆ, ಹಾಗಾಗಿ ಸಾಮಾನ್ಯ ಬಿಳಿ ಬಲ್ಬ್ ಆ ಹೋಲ್ಡರಿನಲ್ಲಿ ಕೂರುವುದಿಲ್ಲ.